ಮಿಲಿಟರಿ ಅಜ್ಜನ ಟ್ರಂಕು: ಮಾಜಿ ಸೈನಿಕರ ನೆನಪಿನಿಂದ ಮಕ್ಕಳಿಗೆ ಯುದ್ಧ ಕಲಿಸುವ ಸಮಗ್ರ ಮಾರ್ಗದರ್ಶಿ

ಆಗಸ್ಟ್ ಹದಿನೈದು ಬಂದರೆ ಊರಿನ ಮಾಜಿ ಸೈನಿಕರೊಬ್ಬರನ್ನು ಶಾಲೆಗೆ ಕರೆಯುತ್ತೇವೆ. ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೈಗಿಡುತ್ತೇವೆ, ಎರಡು ಮಾತು ಆಡಿ ಎಂದು ಮೈಕು ಕೊಡುತ್ತೇವೆ. ಅವರು ದೇಶ, ಶಿಸ್ತು, ಓದು ಎಂದು ಐದು ನಿಮಿಷ ಮಾತನಾಡಿ ಕೂರುತ್ತಾರೆ. ಅಷ್ಟರಲ್ಲಿ ಮಕ್ಕಳ ಕಣ್ಣು ಸಿಹಿಯ ಪೊಟ್ಟಣದ ಕಡೆ ಹೊರಳಿರುತ್ತದೆ. ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನೂ ಹಲವು ವರ್ಷ ಹೀಗೆಯೇ ಮಾಡಿದೆ. ಆ ಮನುಷ್ಯ ಕಂಡ ಯುದ್ಧ ಮಾತ್ರ ಅವರ ಜೊತೆಯಲ್ಲೇ ಮನೆಗೆ ಹೋಗುತ್ತಿತ್ತು.

ಈ ಬರಹ ಅದನ್ನು ಕೇಳಿಸಿಕೊಳ್ಳುವ ಬಗೆಯನ್ನು ಕುರಿತದ್ದು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ, ವಾರಕ್ಕೆ ಒಂದು ಅವಧಿಯಂತೆ ಆರೇಳು ವಾರ ಸಾಕು. ಆದರೆ ಮುಂದಿನ ವರ್ಷ ನೋಡೋಣ ಎಂದು ಮುಂದೂಡಬೇಡಿ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. 1965ರ ಯುದ್ಧ ಕಂಡವರು ಎಂಬತ್ತು ದಾಟಿದ್ದಾರೆ. 1962ರವರು ಒಬ್ಬರು ಸಿಕ್ಕರೂ ನಿಮ್ಮ ಭಾಗ್ಯ.

ಊರಿನ ಕಲ್ಲಿನಿಂದ ಆರಂಭಿಸಿ

ಮೊದಲ ಪಾಠ ತರಗತಿಯಲ್ಲಿ ಬೇಡ. ನಮ್ಮ ಕಡೆ ಹನುಮಪ್ಪನ ಗುಡಿಯ ಮಗ್ಗುಲಲ್ಲೋ ಅಗಸೆಯ ಬಾಗಿಲಲ್ಲೋ ವೀರಗಲ್ಲೊಂದು ಇದ್ದೇ ಇರುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕೆಳಗಿನಿಂದ ಮೇಲಕ್ಕೆ ಓದಲು ಹೇಳಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನಾದರೆ ದನಗಳ ಸಾಲೂ ಇರುತ್ತದೆ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ಕಲ್ಲಿನಲ್ಲಿ ಯಾರಿಲ್ಲ? ಗಾಯಗೊಂಡು ಬದುಕಿ ಉಳಿದವನಿಲ್ಲ. ಅವನಿಗೆ ಗಂಜಿ ಕಾಯಿಸಿದವಳಿಲ್ಲ. ಮಾಸ್ತಿಗಲ್ಲಿದ್ದರೆ ಅಲ್ಲಿ ಹೆಣ್ಣಿನ ಬಳೆ ತೊಟ್ಟ ಕೈಯೊಂದು ಕಾಣುತ್ತದೆ, ಅಷ್ಟೇ.

ಕಲ್ಲು ಸತ್ತವನ ಕಥೆ ಹೇಳುತ್ತದೆ, ನಾವು ಬದುಕಿ ಬಂದವರನ್ನು ಕೇಳಲು ಹೊರಟಿದ್ದೇವೆ ಎಂಬುದು ಮಕ್ಕಳಿಗೆ ಇಲ್ಲಿಯೇ ತಿಳಿಯಬೇಕು. ಕುಮಾರರಾಮನ ಕುಮ್ಮಟದುರ್ಗ, 1520ರ ರಾಯಚೂರು ಕದನ, 1858ರಲ್ಲಿ ಮುಂಡರಗಿ ಭೀಮರಾಯ ಮಡಿದ ಕೊಪ್ಪಳದ ಕೋಟೆ, ಇವೆಲ್ಲ ನಮ್ಮ ಸುತ್ತಲೇ ಇವೆ. ಹೆಸರು ಹೇಳಿ ಮುಂದೆ ಸಾಗಿ. ಎಲ್ಲವನ್ನೂ ಕಲಿಸಲು ಹೊರಟರೆ ಅಜ್ಜನ ಮನೆ ತಲುಪುವುದೇ ಇಲ್ಲ.

ಯಾರನ್ನು, ಎಲ್ಲಿ ಹುಡುಕುವುದು

ಮಕ್ಕಳನ್ನೇ ಕೇಳಿ. ಯಾವ ಊರಿನಲ್ಲಾದರೂ 'ಮಿಲಿಟರಿ ಅಜ್ಜ' ಎಂದು ಕರೆಸಿಕೊಳ್ಳುವವರು ಒಬ್ಬರಿರುತ್ತಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಶಾಲೆಯ ಹೆಸರಿನಲ್ಲಿ ಪತ್ರ ಬರೆಯಬಹುದು, ಮಾಜಿ ಸೈನಿಕರ ಸಂಘವಿದ್ದರೆ ಅಲ್ಲಿಯೂ ವಿಚಾರಿಸಬಹುದು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ನವೆಂಬರ್ ತಿಂಗಳ ಬ್ಯಾಂಕು. ಜೀವನ ಪ್ರಮಾಣ ಪತ್ರ ಕೊಡಲು ಪಿಂಚಣಿದಾರರು ಬರುವ ತಿಂಗಳು ಅದು. ಬೆನ್ನು ನೆಟ್ಟಗಿಟ್ಟುಕೊಂಡು ಸಾಲಿನಲ್ಲಿ ನಿಂತವರ ಪಕ್ಕ ಹೋಗಿ ಯಾವ ಪಲ್ಟನ್ ಎಂದು ಕೇಳಿದರೆ ಸಾಕು, ಮುಖ ಅರಳುತ್ತದೆ.

ಬಂದೂಕು ಹಿಡಿದವರೇ ಬೇಕೆಂದು ಹಟ ಹಿಡಿಯಬೇಡಿ. ಲಾರಿ ಓಡಿಸಿದವರು, ಸೇತುವೆ ಕಟ್ಟಿದವರು, ಲಂಗರಿನಲ್ಲಿ ಅಡುಗೆ ಮಾಡಿದವರು, ತಂತಿ ಎಳೆದವರು, ಗಾಯಾಳುಗಳನ್ನು ಹೊತ್ತವರು ಯುದ್ಧದ ಬೇರೆ ಬೇರೆ ಮಗ್ಗುಲು ಕಂಡಿರುತ್ತಾರೆ. ಸೇನೆಯ ಎಂಜಿನಿಯರ್ ದಳವಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ತರಬೇತಾದವರು, ಬೆಳಗಾವಿಯ ಮರಾಠಾ ಲಘು ಪದಾತಿ ದಳದವರು, ಸರಕು ಸಾಗಿಸುವ ಸಪ್ಲೈ ಕೋರಿನ ಚಾಲಕರು ಹೀಗೆ ಇಬ್ಬರು ಮೂವರು ಸಿಕ್ಕರೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಬೆಳಕಾಗುತ್ತದೆ. 1987ರಿಂದ 1990ರವರೆಗೆ ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆಯವರು ಸಿಕ್ಕರೆ ಬಿಡಬೇಡಿ. ಸುಮಾರು ಸಾವಿರದ ಇನ್ನೂರು ಯೋಧರು ಅಲ್ಲಿ ಪ್ರಾಣ ತೆತ್ತರು. ಆದರೂ ಅವರನ್ನು ಯಾವ ವೇದಿಕೆಗೂ ಯಾರೂ ಕರೆಯುವುದಿಲ್ಲ, ಅದು ನನಗೆ ನೋವಿನ ಸಂಗತಿ.

ದಿನ ಗೊತ್ತುಮಾಡುವಾಗ ಅವರ ಹೊಲದ ಕೆಲಸ ನೋಡಿಕೊಳ್ಳಿ. ಮುಂಗಾರು ಬಿತ್ತನೆ ಇರುವಾಗ, ಗಂಗಾವತಿ ಕಡೆಯಾದರೆ ಭತ್ತದ ಕಟಾವು ಇರುವಾಗ, ಜನವರಿಯಲ್ಲಿ ಗವಿಮಠದ ಜಾತ್ರೆಯ ವಾರ, ಇವನ್ನು ಬಿಟ್ಟುಬಿಡಿ.

ಮೊದಲ ಸಲ ನೀವೊಬ್ಬರೇ ಹೋಗಿ

ಮಕ್ಕಳನ್ನು ಕರೆದೊಯ್ಯುವ ಮುನ್ನ ಶಿಕ್ಷಕರು ಒಮ್ಮೆ ಹೋಗಿ ಚಹಾ ಕುಡಿದು ಬರಬೇಕು. ಏತಕ್ಕೆ ಬರುತ್ತೇವೆ, ಎಷ್ಟು ಮಕ್ಕಳು, ಎಷ್ಟು ಹೊತ್ತು, ದಾಖಲಿಸಿದ್ದನ್ನು ಏನು ಮಾಡುತ್ತೇವೆ ಎಂದು ಬಿಡಿಸಿ ಹೇಳಿ. ಒಪ್ಪಿಗೆಯನ್ನು ಮೂರು ಭಾಗ ಮಾಡಿ ಕೇಳಿ: ಧ್ವನಿ ದಾಖಲಿಸಲು, ತರಗತಿಯಲ್ಲಿ ಓದಲು, ಶಾಲೆಯ ಗ್ರಂಥಾಲಯದಲ್ಲಿ ಇಡಲು. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಒಪ್ಪದಿರುವ ಹಕ್ಕು ಅವರಿಗಿದೆ. ವಾಟ್ಸ್‌ಆಪ್‌ಗೂ ಯೂಟ್ಯೂಬ್‌ಗೂ ಹಾಕುವುದಿಲ್ಲ ಎಂದು ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಕಾಗದವನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಪಡೆಯಿರಿ.

ಹೇಳಲು ಇಷ್ಟವಿಲ್ಲದ ವಿಷಯ ಯಾವುದು ಎಂದು ಅದೇ ದಿನ ಕೇಳಿಕೊಳ್ಳಿ. ಸೇನೆಯ ಗುಟ್ಟುಗಳನ್ನು ಕಾಯುವ ಕಟ್ಟು ನಿವೃತ್ತಿಯ ನಂತರವೂ ಇರುತ್ತದೆ. ಇಂದಿಗೂ ಬಳಕೆಯಲ್ಲಿರುವ ಠಾಣೆ, ಆಯುಧ, ಸಂಕೇತ ಇವುಗಳ ತಂಟೆಗೆ ಮಕ್ಕಳು ಹೋಗಬಾರದು. ಅಪ್ಪನೋ ಅಣ್ಣನೋ ಈಗ ಸೇನೆಯಲ್ಲಿರುವ ಮಗು ನಿಮ್ಮ ತರಗತಿಯಲ್ಲಿದ್ದರೆ ಆ ಮಗುವಿನೊಂದಿಗೆ, ಮನೆಯವರೊಂದಿಗೆ ಮುಂಚೆಯೇ ಮಾತನಾಡಿ. ಸಾವಿನ ಮಾತು ಬಂದಾಗ ಬೇರೆ ಮಕ್ಕಳಿಗೆ ಅದು ಕಥೆ, ಈ ಮಗುವಿಗೆ ಅಲ್ಲ.

ಮಕ್ಕಳ ತಯಾರಿ

ಗೋಡೆಯ ಮೇಲೆ ಭಾರತದ ಭೂಪಟ ತೂಗುಹಾಕಿ. ರಾಯಚೂರಿನಲ್ಲೋ ಗುಂತಕಲ್ಲಿನಲ್ಲೋ ರೈಲು ಹತ್ತಿದ ಹುಡುಗನೊಬ್ಬ ಕಾಶ್ಮೀರ ತಲುಪುವವರೆಗೆ ಬೆರಳಿಟ್ಟು ದಾರಿ ಎಳೆಯಲಿ. ಕೊಪ್ಪಳ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ಕಾರ್ಗಿಲ್ ಯುದ್ಧದ ಟೈಗರ್ ಹಿಲ್ ಐದು ಸಾವಿರ ಮೀಟರ್ ಮೀರಿದ್ದು, ಅಂದರೆ ಹತ್ತು ಪಟ್ಟು. ಬೇಸಿಗೆಯಲ್ಲಿ ನಲವತ್ತು ಡಿಗ್ರಿಯ ಬಿಸಿಲು ಉಂಡು ಬೆಳೆದ ಮೈ ಹಿಮದಲ್ಲಿ ಏನಾಗುತ್ತದೆ ಎಂದು ಮಕ್ಕಳೇ ಊಹಿಸಲಿ. ನಮ್ಮಿಂದ ಬಹಳ ದೂರವಲ್ಲದ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ಅವರ ಸಂಗತಿ ಹೇಳಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹೂತುಹೋಗಿದ್ದ ಅವರನ್ನು ಆರು ದಿನಗಳ ಮೇಲೆ ಜೀವಸಹಿತ ಹೊರತೆಗೆದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಲ್ಲಿ ಗುಂಡು ಹಾರಿರಲಿಲ್ಲ. ಸೈನಿಕನನ್ನು ಕೊಲ್ಲುವುದು ಶತ್ರು ಮಾತ್ರವಲ್ಲ ಎಂಬುದನ್ನು ಮಕ್ಕಳು ಇದರಿಂದ ತಿಳಿಯುತ್ತಾರೆ.

ಇಸವಿಗಳ ಒಂದು ಪಟ್ಟಿ ಬರೆಸಿ: 1962ರ ಅಕ್ಟೋಬರ್ 20ರಿಂದ ನವೆಂಬರ್ 21, 1965ರ ಸೆಪ್ಟೆಂಬರ್ 23ರ ಕದನ ವಿರಾಮ, 1971ರ ಡಿಸೆಂಬರ್ 3ರಿಂದ ಆರಂಭವಾದ ಯುದ್ಧ, 1999ರ ಕಾರ್ಗಿಲ್. ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್ ಎಂಬ ದರ್ಜೆಗಳು, ಮೋರ್ಚಾ (ಕಾದಾಟದ ನೆಲೆ), ಲಂಗರ್ (ಅಡುಗೆಮನೆ), ಪಿಟ್ಠು (ಬೆನ್ನಿನ ಚೀಲ), ಛುಟ್ಟಿ (ರಜೆ) ಎಂಬ ಮಾತುಗಳು ಮೊದಲೇ ಗೊತ್ತಿದ್ದರೆ ಅಜ್ಜನ ಮಾತಿನ ನಡುವೆ ತಡೆಯಬೇಕಾಗುವುದಿಲ್ಲ.

ಪ್ರಶ್ನೆ ಕೇಳುವುದನ್ನು ಕಲಿಸಿ

ಇಲ್ಲಿ ನಾನು ಎಡವಿದ್ದೇನೆ. ಮೊದಲ ವರ್ಷ, 1971ರಲ್ಲಿ ರಾಜಸ್ಥಾನದ ಗಡಿಗೆ ಮದ್ದುಗುಂಡು ಸಾಗಿಸಿದ ಚಾಲಕರೊಬ್ಬರ ಮನೆಗೆ ಹತ್ತು ಮಕ್ಕಳನ್ನು ಕರೆದೊಯ್ದೆ. ಕೂತು ಎರಡು ನಿಮಿಷವಾಗಿರಲಿಲ್ಲ, ಒಬ್ಬ ಹುಡುಗ ಕೇಳಿದ: "ಅಜ್ಜಾ, ನೀವು ಎಷ್ಟು ಮಂದಿಯನ್ನು ಕೊಂದಿರಿ?" ಅವರು ತಂಬಿಗೆ ಎತ್ತಿ ನೀರು ಕುಡಿದರು. ಎಮ್ಮೆಗೆ ಮೇವು ಹಾಕಿ ಬರುತ್ತೇನೆ ಎಂದು ಎದ್ದು ಹಿತ್ತಲಿಗೆ ಹೋದರು, ಅರ್ಧ ಗಂಟೆ ಬರಲಿಲ್ಲ. ತಪ್ಪು ಹುಡುಗನದ್ದಲ್ಲ, ನನ್ನದು. ಅವನು ಸಿನಿಮಾದಲ್ಲಿ ಕಂಡಿದ್ದ ಯುದ್ಧಕ್ಕಿಂತ ಬೇರೆ ಯುದ್ಧವನ್ನು ನಾನು ಅವನಿಗೆ ತೋರಿಸಿರಲಿಲ್ಲ.

ಮುಂದಿನ ಸಲ ಹೋದಾಗ ಚಿಕ್ಕ ಪ್ರಶ್ನೆಗಳನ್ನು ಕಟ್ಟಿಕೊಂಡು ಹೋದೆವು. ಮನೆ ಬಿಟ್ಟು ಹೊರಟ ದಿನ ಬುತ್ತಿ ಏನಿತ್ತು? ಹಿಂದಿ ಬರುತ್ತಿತ್ತೇ, ಯಾರು ಕಲಿಸಿದರು? ಜೋಳದ ರೊಟ್ಟಿ ಬಿಟ್ಟು ಗೋದಿ ರೊಟ್ಟಿ ತಿನ್ನಲು ಎಷ್ಟು ದಿನ ಹಿಡಿಯಿತು? ಬೂಟು ಕಚ್ಚಿದರೆ ಏನು ಮಾಡುತ್ತಿದ್ದಿರಿ? ರಾತ್ರಿ ದೀಪವಿಲ್ಲದೆ ಲಾರಿ ಹೇಗೆ ಓಡಿಸುತ್ತಿದ್ದಿರಿ? ಬೂಟಿನ ಪ್ರಶ್ನೆಗೆ ಅವರು ಒಳಗೆ ಹೋಗಿ ಕಪ್ಪು ತಗಡಿನ ಟ್ರಂಕನ್ನೇ ಎಳೆದು ತಂದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಅಲ್ಲಿಂದ ಮುಂದೆ ಮಕ್ಕಳು ಪ್ರಶ್ನೆ ಕೇಳಬೇಕಾಗಲೇ ಇಲ್ಲ. ಲಾರಿಯ ಮಾತಿನ ನಡುವೆ, ಪಕ್ಕದ ಆಸನದಲ್ಲಿದ್ದ ಗೆಳೆಯನ ಮಾತೂ ತಾನಾಗಿಯೇ ಬಂತು. ಆ ಗೆಳೆಯ ಹಿಂದಿರುಗಲಿಲ್ಲ.

ಹಾಗಾಗಿ ಒಂದು ಅವಧಿ ಪೂರ್ತಿ ಪ್ರಶ್ನೆಗಳಿಗೇ ಮೀಸಲಿಡಿ. ಹೌದು, ಅಲ್ಲ ಎಂದು ಉತ್ತರ ಬರುವ ಪ್ರಶ್ನೆಗಳನ್ನು ಮಕ್ಕಳೇ ಗುರುತಿಸಿ ಹೊಡೆದುಹಾಕಲಿ. ಕೊಂದದ್ದನ್ನು ಕೇಳುವ ಹಾಗಿಲ್ಲ. ಹೆದರಿಕೆಯಾಯಿತೇ ಎಂದೂ ನೇರವಾಗಿ ಕೇಳಬಾರದು, ಆ ರಾತ್ರಿ ನಿದ್ದೆ ಬಂತೇ ಎಂದು ಕೇಳಬಹುದು. ಮಕ್ಕಳು ಒಬ್ಬರನ್ನೊಬ್ಬರು ಸಂದರ್ಶಿಸಿ ಅಭ್ಯಾಸ ಮಾಡಲಿ. ಮುಖ್ಯವಾಗಿ, ಮೌನದ ಅಭ್ಯಾಸ. ಎದುರಿನವರು ಮಾತು ನಿಲ್ಲಿಸಿದಾಗ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವುದನ್ನು ಕಲಿಸಿ. ಮುಂದಿನ ಪ್ರಶ್ನೆಗೆ ಹಾರುವ ಆತುರದಲ್ಲಿ ಒಳ್ಳೆಯ ಮಾತುಗಳು ಕಳೆದುಹೋಗುತ್ತವೆ.

ಮಾತುಕತೆಯ ದಿನ

ಹತ್ತು ಮಕ್ಕಳು ಹೆಚ್ಚಾಯಿತು, ಐದು ಸಾಕು: ಇಬ್ಬರು ಕೇಳಲು, ಒಬ್ಬರು ಮೊಬೈಲ್ ನೋಡಿಕೊಳ್ಳಲು, ಒಬ್ಬರು ಟಿಪ್ಪಣಿಗೆ, ಒಬ್ಬರು ವಸ್ತುಗಳ ಚಿತ್ರ ಬರೆಯಲು. ಪೋಷಕರ ಅನುಮತಿ ಇರಲಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ಲಿನ ಮೇಲೆ, ಅವರಿಂದ ಒಂದು ಮೊಳ ದೂರದಲ್ಲಿಡಿ. ಫ್ಯಾನು, ಟಿವಿ ಆರಿಸಿ. ತಗಡಿನ ಮಾಡಿನ ಮನೆಯಾದರೆ ಹೊರಗೆ ಬೇವಿನ ನೆರಳಿನಲ್ಲಿ ಕೂರುವುದೇ ಮೇಲು. ಒಂದು ನಿಮಿಷ ದಾಖಲಿಸಿ ಕೇಳಿ ನೋಡಿ. ನಂತರ ಮಗುವೊಂದು ದಿನಾಂಕ, ಊರು, ಯಾರು ಯಾರು ಇದ್ದಾರೆ ಎಂದು ಗಟ್ಟಿಯಾಗಿ ಹೇಳಿ ಆರಂಭಿಸಲಿ. ಒಂದು ಗಂಟೆ ಮೀರಬೇಡಿ, ಎಂಬತ್ತರ ಜೀವಕ್ಕೆ ಅಷ್ಟಕ್ಕೇ ದಣಿವಾಗುತ್ತದೆ.

ವಸ್ತುಗಳು ಬಂದರೆ ಮಾತಿಗೆ ಮೈ ಬರುತ್ತದೆ. ದುಂಡಗಿನ ಪದಕವನ್ನು ಕೈಗೆ ಕೊಟ್ಟರೆ ಅಂಚನ್ನು ತಿರುಗಿಸಿ ನೋಡಲು ಮಕ್ಕಳಿಗೆ ಹೇಳಿ. ನಂಬರು, ದರ್ಜೆ, ಹೆಸರು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಕೊರೆದಿರುತ್ತದೆ. 1971ರಲ್ಲಿ ಪಶ್ಚಿಮದ ಗಡಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್ ಸಿಕ್ಕಿದೆ. ಅದನ್ನು ನೋಡಿಯೇ ಅವರು ಯಾವ ದಿಕ್ಕಿನಲ್ಲಿದ್ದರು ಎಂದು ಹೇಳಬಹುದು. ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕ ತೆರೆದರೆ ಇನ್ನೊಂದು ಪಾಠ ಕಾದಿರುತ್ತದೆ. ನಮ್ಮ ಚಾಲಕರ ಪುಸ್ತಕದಲ್ಲಿ ರಾಜ್ಯ ಮೈಸೂರು, ಜಿಲ್ಲೆ ರಾಯಚೂರು ಎಂದಿತ್ತು. "ಅಜ್ಜ ಬೇರೆ ಊರಿನವರೇ?" ಎಂದು ಮಕ್ಕಳು ಗಲಿಬಿಲಿಗೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಆ ಸಾಲುಗಳನ್ನು ಅವರು ಇನ್ನು ಮರೆಯುವುದಿಲ್ಲ.

ಅವರು ಅತ್ತರೆ ಗಾಬರಿಯಾಗಬೇಡಿ. ದಾಖಲೆ ನಿಲ್ಲಿಸಿ, ನೀರು ಕೊಡಿ, ಸುಮ್ಮನೆ ಕೂರಿ. ಮುಂದುವರಿಸುವುದು ಬಿಡುವುದು ಅವರ ಇಷ್ಟ. ಸಂಜೆ ಒಮ್ಮೆ ಫೋನ್ ಮಾಡಿ ವಿಚಾರಿಸಿ. ಹಳೆಯ ನೋವು ಕೆದಕಿ ನಿದ್ದೆಗೆಡುವಂತಾಗಿದ್ದರೆ ಮನೆಯವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ತಿಳಿಸಿ. ಮರುದಿನ ಮಕ್ಕಳನ್ನೂ ಕೂರಿಸಿಕೊಂಡು, ಯಾವ ಮಾತು ಮನಸ್ಸಿನಲ್ಲಿ ಉಳಿಯಿತು ಎಂದು ಕೇಳಿ.

ಮನೆಯಲ್ಲಿ ನಡೆದ ಯುದ್ಧ

ಅಜ್ಜಿಯನ್ನು ಚಹಾ ತರಲು ಮಾತ್ರ ಬಿಡಬೇಡಿ. ಅವರೊಂದಿಗೆ ಬೇರೆಯಾಗಿ, ಇನ್ನೊಂದು ದಿನ, ಸಾಧ್ಯವಾದರೆ ಹುಡುಗಿಯರೇ ಮಾತನಾಡಲಿ. ಗಂಡ ಎದುರಿಗಿದ್ದರೆ ಅವರು ಬಾಯಿ ಬಿಡುವುದಿಲ್ಲ. ಚಾಲಕರ ಹೆಂಡತಿಗೆ ಓದು ಬಾರದು. ಇನ್‌ಲ್ಯಾಂಡ್ ಪತ್ರ ಬಂದರೆ ಅಂಚೆಯವನೇ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದ. ಗಂಡ ಎಲ್ಲಿದ್ದಾನೆ ಎಂಬುದು ವಿಳಾಸದಿಂದ ತಿಳಿಯುತ್ತಿರಲಿಲ್ಲ, ಅಲ್ಲಿ '56 ಎಪಿಒ' ಎಂಬ ಸೇನಾ ಅಂಚೆಯ ಸಂಖ್ಯೆಯಷ್ಟೇ. "ಎಲ್ಲ ಪತ್ರದಲ್ಲೂ ನಾನು ಕ್ಷೇಮ ಎಂದೇ ಇರುತ್ತಿತ್ತು. ಅದಕ್ಕೇ ನನಗೆ ನಂಬಿಕೆ ಬರುತ್ತಿರಲಿಲ್ಲ" ಎಂದರು ಆಕೆ. ಹುಡುಗಿಯೊಬ್ಬಳು ಆ ಮಾತನ್ನು ಟಿಪ್ಪಣಿಯಲ್ಲಿ ಎರಡು ಸಲ ಬರೆದುಕೊಂಡಿದ್ದಳು.

ಗಂಡ ಇಲ್ಲದ ಆ ತಿಂಗಳುಗಳಲ್ಲಿ ಹೊಲ ಯಾರು ಉತ್ತರು, ಮನಿಯಾರ್ಡರ್ ಯಾರ ಕೈಗೆ ಬರುತ್ತಿತ್ತು, ತಂತಿ ಬಂದರೆ ಮೊದಲು ಯಾರು ಒಡೆಯುತ್ತಿದ್ದರು ಎಂದು ಕೇಳಿ. ಪತಿಯನ್ನು ಕಳೆದುಕೊಂಡವರ ಮನೆಗೆ ಹೋಗುವುದಾದರೆ ಮಕ್ಕಳು ಬೇಡ, ನೀವು ಹೋಗಿ. ಅವರೇ ಕರೆದರೆ ಮಾತ್ರ ಮಕ್ಕಳನ್ನು ಕರೆದೊಯ್ಯಿರಿ.

ನೆನಪನ್ನು ತಾಳೆ ನೋಡುವುದು

ಇತಿಹಾಸದ ಪಾಠ ಗಟ್ಟಿಯಾಗುವುದು ಇಲ್ಲಿ. ನಮ್ಮ ಹಿರಿಯರ ನೆನಪು ಇಸವಿಯ ಲೆಕ್ಕದಲ್ಲಿ ಇರುವುದಿಲ್ಲ, ಹಬ್ಬ, ಬರ, ಚುನಾವಣೆಯ ಲೆಕ್ಕದಲ್ಲಿ ಇರುತ್ತದೆ. ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಚುನಾವಣೆಗೆ ನಿಂತ ವರ್ಷ ಎಂದರೆ 1999, ಕಾರ್ಗಿಲ್‌ನ ವರ್ಷವೇ.

ಅದೇ ಅಜ್ಜಿ ಹೇಳಿದ್ದರು: "ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಬಂದ ರಾತ್ರಿ ಯುದ್ಧ ನಿಂತಿತು." ಮಕ್ಕಳು ಹಳೆಯ ಪಂಚಾಂಗದ ಲೆಕ್ಕ ಹಾಕಿದರು. 1971ರ ಎಳ್ಳಮಾವಾಸ್ಯೆ ಬಂದದ್ದು ಡಿಸೆಂಬರ್ 17, ಶುಕ್ರವಾರ. ಪುಸ್ತಕದಲ್ಲಿ ಢಾಕಾದ ಶರಣಾಗತಿ 16ಕ್ಕೆ. ಅಜ್ಜಿಗೆ ಒಂದು ದಿನ ತಪ್ಪಿದೆ ಎಂದು ಹುಡುಗರು ತೀರ್ಮಾನಿಸಿದರು. ಇನ್ನಷ್ಟು ಓದಿಸಿದೆ. ಶರಣಾಗತಿ ಆದದ್ದು ಪೂರ್ವದಲ್ಲಿ. ಅಜ್ಜ ಇದ್ದ ಪಶ್ಚಿಮದ ಗಡಿಯಲ್ಲಿ ಕದನ ವಿರಾಮ ಜಾರಿಯಾದದ್ದು 17ರ ರಾತ್ರಿ ಎಂಟು ಗಂಟೆಗೆ. ತರಗತಿಯಲ್ಲಿ ಒಂದು ಕ್ಷಣ ಸದ್ದಿರಲಿಲ್ಲ, ಆಮೇಲೆ ಮಕ್ಕಳು ಚಪ್ಪಾಳೆ ತಟ್ಟಿದರು.

ಅಜ್ಜ ಮಾತ್ರ ಯುದ್ಧ ಮೂರು ತಿಂಗಳು ನಡೆಯಿತು ಎಂದಿದ್ದರು, ಪುಸ್ತಕದ ಪ್ರಕಾರ ಹದಿಮೂರು ದಿನ. ಅದನ್ನು ತಿದ್ದಬೇಡಿ. ಯಾಕೆ ಹಾಗೆನ್ನುತ್ತಾರೆ ಎಂದು ಮತ್ತೆ ಹೋಗಿ ಕೇಳಿ. ರಜೆ ರದ್ದಾಗಿ ಲಾರಿಗೆ ಮದ್ದುಗುಂಡು ತುಂಬಲು ಶುರುವಾದ ದಿನದಿಂದ ಅವರ ಯುದ್ಧ ಆರಂಭವಾಗಿತ್ತು. ಎರಡು ಲೆಕ್ಕವನ್ನೂ ಅಕ್ಕಪಕ್ಕ ಬರೆಸಿ.

ಕಷ್ಟದ ಮಾತುಗಳು

ಶತ್ರುವಿನ ಬಗ್ಗೆ ಕಟುವಾದ ಮಾತು ಬರುತ್ತದೆ. ಕೆಲವೊಮ್ಮೆ ಒಂದು ಸಮುದಾಯದ ಮೇಲೂ ಹೊರಳುತ್ತದೆ, ಕೇಳುವ ಮಕ್ಕಳಲ್ಲಿ ಆ ಸಮುದಾಯದವರೂ ಇರುತ್ತಾರೆ. ಹಿರಿಯರ ಮನೆಯಲ್ಲಿ ವಾದಕ್ಕಿಳಿಯಬೇಡಿ, ಮಾತನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿ. ಆದರೆ ತರಗತಿಯಲ್ಲಿ ಸುಮ್ಮನಿರಬೇಡಿ. 1971ರಲ್ಲಿ ಪಾಕಿಸ್ತಾನದ ಕಡೆಯ ಸುಮಾರು 93,000 ಮಂದಿ ಸೆರೆಯಾದರು, ನಂತರ ಒಪ್ಪಂದದಂತೆ ಅವರನ್ನು ಹಿಂದಕ್ಕೆ ಕಳಿಸಲಾಯಿತು. ಅವರಿಗೂ ಊರು, ಮನೆ ಇದ್ದವು. ಇದಕ್ಕೆ ದೂರ ಹೋಗಬೇಕಾಗಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ತುರ್ಕಿಯ ಕಡೆಯ ಸೆರೆಯಾಳುಗಳನ್ನು ತಂದು ಇರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ತುರ್ಕಿಯ ಯಾವುದೋ ಹಳ್ಳಿಯ ತಾಯಿಯೊಬ್ಬಳು ಬಳ್ಳಾರಿ ಎಂಬ ಹೆಸರನ್ನು ಹೇಗೆ ಉಚ್ಚರಿಸಿರಬಹುದು, ಏನೆಂದು ಪತ್ರ ಬರೆಸಿರಬಹುದು? ಅದನ್ನು ಬರೆಯಲು ಮಕ್ಕಳಿಗೆ ಹೇಳಿ. ನನ್ನ ತರಗತಿಯಲ್ಲಿ ಬಂದ ಒಳ್ಳೆಯ ಬರಹಗಳು ಇದೇ ಅಭ್ಯಾಸದವು.

ರಾಯಚೂರು, ಕೊಪ್ಪಳದ ಕಡೆ ಇನ್ನೊಂದು ನೆನಪು ತಾನಾಗಿ ಮೇಲೇಳುತ್ತದೆ: ನಿಜಾಮನ ಆಡಳಿತದ ಕೊನೆಯ ದಿನಗಳು, ಅವನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ, 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಭಾರತೀಯ ಸೇನೆಯ ಕಾರ್ಯಾಚರಣೆ. ರಜಾಕಾರರಿಂದ ಊರು ಬಿಟ್ಟು ಓಡಿದವರೂ ಇದ್ದಾರೆ, ಕಾರ್ಯಾಚರಣೆಯ ನಂತರದ ದಿನಗಳಲ್ಲಿ ಏಟು ತಿಂದ ಮುಸ್ಲಿಂ ಕುಟುಂಬಗಳೂ ಇವೆ. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟರೆ ಅದು ಇತಿಹಾಸವಾಗುವುದಿಲ್ಲ. ಎರಡೂ ಮನೆಗಳಿಗೆ ಹೋಗುವ ಧೈರ್ಯವಿದ್ದರೆ ಮಾತ್ರ ಕೈಹಾಕಿ, ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ.

ಬರೆದಿಳಿಸಿ, ಹಿಂದಿರುಗಿಸಿ

ಒಂದು ಗಂಟೆಯ ಮಾತು ಬರೆದಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಹತ್ತು ಹತ್ತು ನಿಮಿಷದ ತುಂಡು ಮಾಡಿ ಮಕ್ಕಳಿಗೆ ಹಂಚಿ. ಅಜ್ಜನ ಮಾತನ್ನು ಪಠ್ಯಪುಸ್ತಕದ ಭಾಷೆಗೆ ತಿದ್ದಬೇಡಿ. ಆಡಿದ ಹಾಗೆಯೇ ಇರಲಿ, ನಡುವೆ ಬರುವ ಪಲ್ಟನ್ನಿನ ಹಿಂದಿಯೂ ಇರಲಿ. ಮಾತು ನಿಂತಲ್ಲಿ 'ಸುಮ್ಮನಾದರು' ಎಂದು ಬರೆಯಲಿ. ದೇಶಭಕ್ತಿಯ ಪ್ರಬಂಧ ಬರೆಸುವ ಆಸೆಯನ್ನು ತಡೆದುಕೊಳ್ಳಿ. ಅಂಕ ಕೊಡುವುದಾದರೆ ಕೇಳಿದ ಪ್ರಶ್ನೆಗೆ, ತಾಳೆ ನೋಡಿದ ಶ್ರಮಕ್ಕೆ ಕೊಡಿ.

ಸಿದ್ಧವಾದ ಪ್ರತಿಯನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿ ಅವರ ಮನೆಗೆ ಒಯ್ದು ಓದಿ ಹೇಳಿ. ತೆಗೆಯಿರಿ ಎಂದದ್ದನ್ನು ಅಲ್ಲಿಯೇ ಗೆರೆ ಎಳೆದು ತೆಗೆಯಿರಿ. ನಮ್ಮ ಚಾಲಕರು ಒಂದೇ ಒಂದು ಹೆಸರನ್ನು ತೆಗೆಸಿದರು, ಒಂದು ಹೆಸರನ್ನು ಸೇರಿಸಿದರು. ಸೇರಿಸಿದ್ದು ಆ ಗೆಳೆಯನದು.

ಒಂದು ಪ್ರತಿ ಗ್ರಂಥಾಲಯಕ್ಕೆ, ಒಂದು ಅವರ ಟ್ರಂಕಿಗೆ. ಧ್ವನಿಯನ್ನು ಎರಡು ಕಡೆ ಉಳಿಸಿಡಿ. ಮನೆಯವರಿಗೆ ಪೆನ್‌ಡ್ರೈವ್ ಕೊಟ್ಟು ಬಂದರೆ ಅದು ಮೂಲೆ ಸೇರುತ್ತದೆ. ಮೊಮ್ಮಗನ ಮೊಬೈಲಿಗೇ ಹಾಕಿಕೊಟ್ಟು, ಹೇಗೆ ತೆರೆಯಬೇಕೆಂದು ತೋರಿಸಿ, ಅಜ್ಜಿಯ ಎದುರು ಒಮ್ಮೆ ನುಡಿಸಿ ಬನ್ನಿ.